ಮುಖದ ಮೇಲಣ ಬೆಳಕು

ಇಂದು ಛಾಯಾಚಿತ್ರ ತೆಗೆಯುವುದಕ್ಕೆ ಹೆಚ್ಚಿನ ಸಿದ್ಧತೆಯೇನೂ ಬೇಕಾಗಿಲ್ಲ. ಜೇಬಿನಿಂದ ಫೋನನ್ನು ಹೊರತೆಗೆದು ಗಾಜಿನ ಮೇಲೆ ಬೆರಳಿಟ್ಟರೆ ಸಾಕು; ರೆಪ್ಪೆ ಬಡಿಯುವಷ್ಟರಲ್ಲಿ ಚಿತ್ರ ಸಿದ್ಧವಾಗುತ್ತದೆ. ಮದುವೆಯ ಮನೆಯಲ್ಲಿ, ಜಾತ್ರೆಯಲ್ಲಿ, ಬಸ್ಸಿನ ಕಿಟಕಿಯಲ್ಲಿ, ಊಟದ ಎಲೆಯ ಮುಂದೆ, ಎಲ್ಲೆಲ್ಲಿಯೂ ಚಿತ್ರಗಳ ಸುಗ್ಗಿ. ಆದರೂ ಮನೆಯ ಹಿರಿಯರೊಬ್ಬರು ತೀರಿಕೊಂಡಾಗ, ಗೋಡೆಗೆ ಹಾಕಲು ಅವರದೊಂದು ಒಳ್ಳೆಯ ಚಿತ್ರಕ್ಕಾಗಿ ಮನೆಯವರು ಪಡುವ ಪಾಡನ್ನು ನಾನು ಹಲವು ಕಡೆಗಳಲ್ಲಿ ಕಂಡಿದ್ದೇನೆ. ನೂರಾರು ಚಿತ್ರಗಳಿರುತ್ತವೆ. ಒಂದರಲ್ಲಿ ಕಣ್ಣು ಕುಳಿಯಾಗಿ ಅದರಲ್ಲಿ ಕತ್ತಲೆ ತುಂಬಿದೆ. ಇನ್ನೊಂದರಲ್ಲಿ ಬೆನ್ನ ಹಿಂದಿನ ಕಿಟಕಿ ಧಗಧಗಿಸಿ ಮುಖ ಮಸಿಯಾಗಿದೆ. ಮತ್ತೊಂದರಲ್ಲಿ ಮುಖವೇನೋ ಇದೆ, ಆದರೆ ಫೋನಿನೊಳಗಿನ ಯಂತ್ರಬುದ್ಧಿಯು ಅದನ್ನು ಉಜ್ಜಿ ನುಣುಪು ಮಾಡಿ, ಎಂಬತ್ತು ವರ್ಷದ ಅಜ್ಜಿಯನ್ನು ಮೇಣದ ಗೊಂಬೆಯನ್ನಾಗಿಸಿದೆ. ಕೊನೆಗೆ ಗುರುತಿನ ಚೀಟಿಯಲ್ಲಿದ್ದ ಚಿತ್ರವನ್ನೇ ದೊಡ್ಡದು ಮಾಡಿಸಿ ಗೋಡೆಗೇರಿಸುತ್ತಾರೆ.

ಚಿತ್ರಗಳು ಹೆಚ್ಚಿದುವು, ಭಾವಚಿತ್ರಗಳು ಹೆಚ್ಚಲಿಲ್ಲ. ಮುಖದ ಚಿತ್ರವನ್ನು ತೆಗೆಯುವುದು ಕಲಿತು ಪಡೆಯಬೇಕಾದ ವಿದ್ಯೆಯೆಂದೂ, ಅದನ್ನು ವಿದ್ಯಾರ್ಥಿ ದೆಸೆಯಲ್ಲಿಯೇ ಕಲಿಯುವುದು ಲೇಸೆಂದೂ, ಆ ಕಲಿಕೆಯು ಕ್ಯಾಮೆರಾದಿಂದಲ್ಲ, ಬೆಳಕಿನಿಂದ ಆರಂಭವಾಗಬೇಕೆಂದೂ ನಾನು ನಂಬಿದ್ದೇನೆ. ಕನ್ನಡದ ಮೇಷ್ಟರಿಗೆ ಕ್ಯಾಮೆರಾದ ಗೊಡವೆ ಏಕೆಂದು ನೀವು ಕೇಳಬಹುದು. ಅದರ ಕಥೆಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಕನ್ನಡದ ಮೇಷ್ಟರ ಚಾಳಿಯಂತೆ, ಒಂದೆರಡು ಮಾತುಗಳನ್ನು ಬಿಡಿಸಿ ನೋಡೋಣ.

'ಫೋಟೋಗ್ರಫಿ' ಎಂಬುದು ಗ್ರೀಕ್ ಮೂಲದ ಮಾತು. ಬೆಳಕಿನ ಬರಹವೆಂದು ಅದರ ಅರ್ಥ. ನಮ್ಮವರು ಅದನ್ನು 'ಛಾಯಾಗ್ರಹಣ'ವೆಂದು ಕರೆದರು. ಛಾಯೆಯೆಂದರೆ ನೆರಳು. ಅವರು ಬೆಳಕಿನಿಂದ ಬರೆದರೆ ನಾವು ನೆರಳನ್ನು ಹಿಡಿದೆವು! ರಾಮಾಯಣದಲ್ಲಿ, ಸಮುದ್ರವನ್ನು ಹಾರುತ್ತಿದ್ದ ಹನುಮಂತನ ನೆರಳನ್ನು ಹಿಡಿದು ಅವನನ್ನು ತಡೆದ ಸಿಂಹಿಕೆಯೆಂಬ ರಾಕ್ಷಸಿಯ ಕಥೆ ಬರುತ್ತದೆ. ನೆರಳನ್ನು ಹಿಡಿಯುವುದೇ ಛಾಯಾಗ್ರಹಣವಾದರೆ ಲೋಕದ ಮೊದಲ ಛಾಯಾಗ್ರಾಹಕಿ ಅವಳೇ ಎಂದು ನಮ್ಮ ಗುರುಗಳೊಬ್ಬರು ತರಗತಿಯನ್ನು ನಗಿಸುತ್ತಿದ್ದರು. ನಗೆಯ ಮಾತಾದರೂ ಅದರಲ್ಲಿ ತಿರುಳಿದೆ. ಕಾಗದದ ಮೇಲೆ ಮೂಗಿಗೆ ಎತ್ತರವನ್ನೂ ಕೆನ್ನೆಗೆ ತಿರುವನ್ನೂ ಕೊಡುವುದು ನೆರಳೇ ಹೊರತು ಬೇರೆಯಲ್ಲ. ಇನ್ನು 'ಭಾವಚಿತ್ರ'ವೆಂಬ ಮಾತು. ಬರಿಯ ಮುಖದ ಚಿತ್ರವೆನ್ನದೆ ಭಾವದ ಚಿತ್ರವೆಂದವರು ಯಾರೋ ತಿಳಿಯದು. ಅವರು ನಮ್ಮ ಕೆಲಸವನ್ನು ಬಹಳ ಕಷ್ಟಕ್ಕೆ ಸಿಕ್ಕಿಸಿಹೋದರು.

ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ೧೯೭೯ರ ದಸರೆಗೆ ಅವ್ವ ಊರಿನಿಂದ ಬಂದಿದ್ದರು. ನಮ್ಮ ತಂದೆ ಒಂದು ಚಿತ್ರವೂ ಇಲ್ಲದೆ ತೀರಿಕೊಂಡಿದ್ದರು; ಆ ಕೊರಗು ನನ್ನಲ್ಲಿತ್ತು. ಆದುದರಿಂದ, ಬೇಡವೆಂದರೂ ಬಿಡದೆ, ಅವ್ವನನ್ನು ಒಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಅವ್ವನದು ಕಪ್ಪು ಮೈಬಣ್ಣ. ಎಳವೆಯಲ್ಲಿ ಸಿಡುಬೆದ್ದು ಬದುಕಿ ಉಳಿದವರು. ಎರಡು ಕೆನ್ನೆಗಳ ಮೇಲೂ ಅದರ ಕುಳಿಗಳಿದ್ದುವು. ಅಂತಹ ಮುಖಗಳನ್ನು ನೀವು ಕಂಡಿರಲಾರಿರಿ. ಸಿಡುಬು ಭೂಮಿಯಿಂದಲೇ ಅಳಿದುಹೋಯಿತೆಂದು ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಮ್ಮ ಬಾಲ್ಯದಲ್ಲಿ ಅಂತಹ ಮುಖವೊಂದಿಲ್ಲದ ಕೇರಿಯೇ ಇರಲಿಲ್ಲ.

ಸ್ಟುಡಿಯೋದವರು ಕನ್ನಡಿಯ ಮುಂದಿದ್ದ ಪೌಡರಿನ ಡಬ್ಬಿಯನ್ನು ತೋರಿಸಿ, "ಸ್ವಲ್ಪ ಧಾರಾಳವಾಗಿ ಹಚ್ಚಿಕೊಳ್ಳಿ ಅಮ್ಮ" ಎಂದರು. ಎದುರಿಗೆ ಎರಡು ದೊಡ್ಡ ದೀಪಗಳನ್ನು ಹೊತ್ತಿಸಿದರು. ಅವ್ವ ಕಣ್ಣು ಕಿರಿದು ಮಾಡಿಕೊಂಡು, ಉಸಿರು ಬಿಗಿಹಿಡಿದು, ನ್ಯಾಯಸ್ಥಾನದಲ್ಲಿ ಸಾಕ್ಷಿ ಹೇಳಲು ಬಂದವರಂತೆ ಕುಳಿತರು. ವಾರದ ಮೇಲೆ ಚಿತ್ರ ಕೈಗೆ ಬಂದಿತು. ಅಂದಿನ ಸ್ಟುಡಿಯೋಗಳಲ್ಲಿ ನೆಗೆಟಿವನ್ನು ತಿದ್ದುವ ಕೆಲಸವೊಂದಿತ್ತು. ಮುಖದ ಮೇಲಿನ ಕಲೆ ನೆಗೆಟಿವಿನಲ್ಲಿ ತೆಳುವಾಗಿ ಕಾಣುತ್ತದೆ. ಚೂಪಾದ ಪೆನ್ಸಿಲಿನಿಂದ ಆ ತೆಳುವಾದ ಜಾಗವನ್ನು ತುಂಬಿದರೆ ಅಚ್ಚಿನಲ್ಲಿ ಕಲೆ ಮಾಯವಾಗುತ್ತದೆ. ಅವ್ವನ ಚಿತ್ರದಲ್ಲಿ ಒಂದು ಕುಳಿಯೂ ಉಳಿದಿರಲಿಲ್ಲ. ಹಾಲಿನಲ್ಲಿ ಅದ್ದಿ ತೆಗೆದಂತಹ ಮುಖ.

ದೀಪಾವಳಿಗೆ ಊರಿಗೆ ಹೋದಾಗ ಅದನ್ನು ಕೊಟ್ಟೆ. ಅವ್ವ ಬಾಗಿಲ ಬಳಿಗೆ ಒಯ್ದು ಬಹಳ ಹೊತ್ತು ನೋಡಿದರು. "ಚೆನ್ನಾಗದೆ ಕಣಪ್ಪ. ಆದರೆ ಇವಳು ಯಾರು?" ಎಂದರು. ನಾನು ನಕ್ಕೆ, ಅವರು ನಗಲಿಲ್ಲ. "ನಮ್ಮವ್ವ ಹಗಲೂ ರಾತ್ರಿ ಬೇವಿನ ಸೊಪ್ಪು ಬೀಸ್ಕೊಂಡು ಪಕ್ಕದಲ್ಲೇ ಕೂತು ಉಳಿಸಿಕೊಂಡ ಮುಖ ಇದು. ಆ ಗುರುತನ್ನೆಲ್ಲ ಒರೆಸಿಬಿಟ್ಟವರಲ್ಲಪ್ಪ" ಎಂದರು. ಚಿತ್ರವು ಟ್ರಂಕಿನ ತಳವನ್ನು ಸೇರಿತು.

ಆ ಸ್ಟುಡಿಯೋದವರನ್ನು ನಾನು ಇಂದು ದೂರುವುದಿಲ್ಲ. ಗಿರಾಕಿಗಳು ಕೇಳುತ್ತಿದ್ದುದೂ ಅದನ್ನೇ. ಗಂಡಿನ ಮನೆಗೆ ಮಗಳ ಚಿತ್ರವನ್ನು ಕಳುಹಿಸಬೇಕಾಗಿದ್ದ ತಂದೆತಾಯಿಗಳು ಮತ್ತೇನನ್ನು ಕೇಳಿಯಾರು? ಆದರೆ ಅವ್ವನ ಮಾತು ನನ್ನನ್ನು ಬಿಡಲಿಲ್ಲ. ಮೈಸೂರಿಗೆ ಹಿಂದಿರುಗಿದ ಮೇಲೆ, ಬೇರೊಂದು ಚಿಕ್ಕ ಸ್ಟುಡಿಯೋದಲ್ಲಿ ಸಂಜೆಯ ಹೊತ್ತು ಕೆಲಸ ಮಾಡಿಕೊಡುವೆನೆಂದೂ, ಸಂಬಳ ಬೇಡ, ವಿದ್ಯೆ ಕಲಿಸಿದರೆ ಸಾಕೆಂದೂ ಕೇಳಿಕೊಂಡೆ. ಯಜಮಾನರು ಒಪ್ಪಿದರು.

ಆದರೆ ಆರು ವಾರಗಳ ಕಾಲ ಅವರು ನನಗೆ ಕ್ಯಾಮೆರಾವನ್ನು ಮುಟ್ಟಗೊಡಲಿಲ್ಲ. ಬಣ್ಣ ಬಳಿಯದ ಒಂದು ಮಣ್ಣಿನ ಗೊಂಬೆಯ ತಲೆಯನ್ನು ಮೇಜಿನ ಮೇಲಿಟ್ಟು, ಉದ್ದದ ತಂತಿಗೆ ಸಿಕ್ಕಿಸಿದ ಒಂದು ಬಲ್ಬನ್ನು ನನ್ನ ಕೈಗೆ ಕೊಟ್ಟು, "ಸುತ್ತ ತಿರುಗಿಸಪ್ಪ. ಕಂಡದ್ದನ್ನು ಬರೆದಿಡು" ಎಂದರು. ಎಂ.ಎ. ವಿದ್ಯಾರ್ಥಿಗೆ ಇದೊಂದು ಅವಮಾನವೆಂದೇ ನಾನು ಭಾವಿಸಿದೆ. ಎರಡು ದಿನ ಕಳೆದ ಮೇಲೆ ಆ ಭಾವನೆ ಹೋಯಿತು. ದೀಪ ನೇರವಾಗಿ ಎದುರಿಗಿದ್ದಾಗ ಗೊಂಬೆಯ ಮುಖ ರೊಟ್ಟಿಯಂತೆ ಚಪ್ಪಟೆಯಾಯಿತು. ಗಲ್ಲದ ಕೆಳಗಿನಿಂದ ಹಿಡಿದಾಗ ಸೌಮ್ಯವಾದ ಆ ಮುಖವೇ ರಾಕ್ಷಸನದಾಯಿತು. ಸೂರ್ಯನ ಬೆಳಕು ಮೇಲಿನಿಂದ ಬೀಳುವುದನ್ನೇ ಕಂಡು ಬೆಳೆದ ನಮ್ಮ ಕಣ್ಣಿಗೆ ಕೆಳಗಿನ ಬೆಳಕು ಎಂದಿಗೂ ಅಪರಿಚಿತ. ನೆತ್ತಿಯ ಮೇಲೆ ಹಿಡಿದರೆ ಕಣ್ಣುಗಳು ಕಪ್ಪು ಗುಳಿಗಳಾದುವು. ನಡುಹಗಲಿನಲ್ಲಿ ಅಂಗಳದಲ್ಲಿ ನಿಲ್ಲಿಸಿ ತೆಗೆದ ಚಿತ್ರಗಳ ಗತಿ ಇದೇ. ಪೂರ್ತಿ ಪಕ್ಕಕ್ಕೆ ಒಯ್ದರೆ ಅರ್ಧ ಮುಖವೇ ಇಲ್ಲ. ಒಂದು ಸಂಜೆ ದೀಪವನ್ನು ಎದುರಿನಿಂದ ತುಸು ಓರೆಗೂ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲಕ್ಕೂ ಸರಿಸಿದಾಗ, ನೆರಳು ಬಿದ್ದಿದ್ದ ಕೆನ್ನೆಯ ಮೇಲೆ ಕಣ್ಣಿನ ಕೆಳಗೆ ಚಿಕ್ಕದೊಂದು ತ್ರಿಕೋನದಂತಹ ಬೆಳಕು ಉಳಿಯಿತು. ಮಣ್ಣಿನ ಗೊಂಬೆ ಏನನ್ನೋ ಯೋಚಿಸುತ್ತಿರುವಂತೆ ಕಂಡಿತು! ಹೊಸದೊಂದನ್ನು ಕಂಡುಹಿಡಿದೆನೆಂದು ನಾನು ಯಜಮಾನರ ಬಳಿಗೆ ಓಡಿದೆ. ಅವರು ನಕ್ಕು, "ಮುನ್ನೂರು ವರ್ಷದ ಹಿಂದೆಯೇ ಒಬ್ಬ ಅದನ್ನು ಕಂಡಿದ್ದ" ಎಂದರು. ಹಾಲೆಂಡಿನ ಚಿತ್ರಕಾರ ರೆಂಬ್ರಾಂಟನ (೧೬೦೬–೧೬೬೯) ಚಿತ್ರಗಳಲ್ಲಿ ಈ ಬೆಳಕು ಮತ್ತೆ ಮತ್ತೆ ಬರುತ್ತದೆ. ಛಾಯಾಗ್ರಾಹಕರು ಅದನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ.

ಬೆಳಕಿನ ದಿಕ್ಕು ತಿಳಿದ ಮೇಲೆ ಅದರ ಗುಣ. ಬಲ್ಬಿಗೂ ಗೊಂಬೆಗೂ ನಡುವೆ ತೆಳುವಾದ ಬಿಳಿಯ ಬಟ್ಟೆಯನ್ನು ಹರಡಿದರೆ ನೆರಳಿನ ಅಂಚು ಕರಗಿ ಮೆತ್ತಗಾಗುತ್ತದೆ. ಬೆಳಕು ಬರುವ ಮೈ ಅಗಲವಾದಷ್ಟೂ, ಹತ್ತಿರವಾದಷ್ಟೂ ನೆರಳು ಮೃದು. ಸೂರ್ಯನು ಎಷ್ಟೇ ದೊಡ್ಡವನಾದರೂ ದೂರದಲ್ಲಿರುವುದರಿಂದ ನಮ್ಮ ಪಾಲಿಗೆ ಒಂದು ಬಟ್ಟಲಿನಷ್ಟೇ. ಅವನ ನೆರಳು ಚಾಕುವಿನಿಂದ ಕೊರೆದಂತಿರುತ್ತದೆ. ಮೋಡ ಕವಿದಾಗ ಇಡೀ ಆಕಾಶವೇ ದೀಪವಾಗುತ್ತದೆ. ದೂರದ ವಿಷಯವನ್ನಂತೂ ನಿಮ್ಮ ವಿಜ್ಞಾನದ ಉಪಾಧ್ಯಾಯರು ಲೆಕ್ಕ ಹಾಕಿಯೇ ತೋರಿಸಬಲ್ಲರು: ಚಿಕ್ಕ ದೀಪವೊಂದನ್ನು ೨ ಅಡಿಯಿಂದ ೪ ಅಡಿಗೆ ಸರಿಸಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ, ೮ ಅಡಿಗೆ ಸರಿಸಿದರೆ ಹದಿನಾರರಲ್ಲಿ ಒಂದು ಪಾಲು. ಕೊನೆಯದಾಗಿ ಯಜಮಾನರು ಹೇಳಿಕೊಟ್ಟದ್ದು ಕಣ್ಣಿನ ಮಿಂಚು. ಕಪ್ಪು ಗುಡ್ಡೆಯ ಮೇಲೆ ದೀಪದ ಪ್ರತಿಬಿಂಬವಾಗಿ ಒಂದು ಬಿಳಿಯ ಚುಕ್ಕೆ ಬೀಳಬೇಕು. ಅದು ತಪ್ಪಿತೆಂದರೆ ಬದುಕಿರುವ ಮನುಷ್ಯನೂ ಚಿತ್ರದಲ್ಲಿ ಜೀವ ಹೋದವನಂತೆ ಕಾಣುತ್ತಾನೆ.

ಇದಕ್ಕೆಲ್ಲ ಸಲಕರಣೆಗಳು ಬೇಕಲ್ಲವೇ, ಬಡವರ ಮಕ್ಕಳು ಎಲ್ಲಿಗೆ ಹೋಗಬೇಕು ಎಂದು ಕೆಲವರು ಕೇಳುತ್ತಾರೆ. ನನಗೆ ಇದು ಸೋಮಾರಿಗಳ ಪ್ರಶ್ನೆಯೆಂದೇ ತೋರುತ್ತದೆ. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬಾಕೆ, ಕಲ್ಕತ್ತದಲ್ಲಿ ಹುಟ್ಟಿದ ಆಂಗ್ಲ ಮಹಿಳೆ, ಮೊದಲ ಕ್ಯಾಮೆರಾವನ್ನು ಪಡೆದದ್ದು ೧೮೬೩ರಲ್ಲಿ, ತಮ್ಮ ೪೮ನೆಯ ವಯಸ್ಸಿನಲ್ಲಿ. ಮನೆಯ ಕೋಳಿಗೂಡನ್ನೇ ಗಾಜಿನ ಕೋಣೆಯನ್ನಾಗಿ ಮಾಡಿಕೊಂಡು, ಪರದೆಗಳನ್ನು ಎಳೆದು ಸರಿಸಿ ಬೆಳಕನ್ನು ಹದಮಾಡಿ ಆಕೆ ತೆಗೆದ ಮುಖಗಳನ್ನು ಜನ ಇಂದಿಗೂ ನಿಂತು ನೋಡುತ್ತಾರೆ. ೧೮೬೭ರಲ್ಲಿ ವಿಜ್ಞಾನಿ ಜಾನ್ ಹರ್ಷೆಲರ ಚಿತ್ರವನ್ನು ತೆಗೆಯುವಾಗ, ಅವರ ನರೆಗೂದಲು ಬೆಳಕಿಗೆ ಹೊಳೆಯಲೆಂದು ಮೊದಲು ತಲೆ ತೊಳೆಸಿದರಂತೆ. ನಮಗೆ ಕೋಳಿಗೂಡೂ ಬೇಕಾಗಿಲ್ಲ. ಹಳೆಯ ತೊಟ್ಟಿಮನೆಗಳ ಪಡಸಾಲೆಯಂತಹ ಸ್ಟುಡಿಯೋ ಬೇರೆಲ್ಲಿದೆ? ನಡುವೆ ತೆರೆದ ಆಕಾಶ, ಸುತ್ತ ಮಾಡಿನ ನೆರಳು. ಒಳಗೆ ಕುಳಿತವರ ಮುಖದ ಮೇಲೆ ಬೆಳಕು ಪಕ್ಕದಿಂದ ಮೆಲ್ಲನೆ ಇಳಿಯುತ್ತದೆ. ತೊಟ್ಟಿಮನೆ ಇಲ್ಲದಿದ್ದರೆ ತರಗತಿಯ ಕಿಟಕಿಯೇ ಸಾಕು. ಗೆಳೆಯನೊಬ್ಬನನ್ನು, ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕದಲ್ಲಿ ಎರಡು ಮೂರು ಅಡಿ ದೂರಕ್ಕೆ ಕುಳ್ಳಿರಿಸಿರಿ. ಕೋಣೆಯ ದೀಪವನ್ನು ಆರಿಸಿರಿ. ಹಗಲಿನ ಬೆಳಕೂ ದೀಪದ ಬೆಳಕೂ ಬೇರೆ ಬೇರೆ ಬಣ್ಣದವು, ಎರಡೂ ಕಲೆತರೆ ಮುಖ ಬಣ್ಣಗೆಡುತ್ತದೆ. ನೆರಳಿನ ಕಡೆ ತೀರ ಕಪ್ಪಾದರೆ ಒಂದು ಬಿಳಿಯ ಪಂಚೆಯನ್ನು ಅತ್ತ ಹಿಡಿಯಿರಿ. ಫೋನನ್ನು ಕೈಗೆ ತೆಗೆದುಕೊಳ್ಳುವ ಮೊದಲು ಐದು ನಿಮಿಷ ಬರಿಗಣ್ಣಿನಿಂದ ನೋಡಿರಿ. ಈ ಐದು ನಿಮಿಷಗಳೇ ನಿಜವಾದ ಪಾಠ. ಮಿಕ್ಕದ್ದು ಬೆರಳಿನ ಕೆಲಸ.

ಈಗ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಕಪ್ಪು ಮುಖ ಚಿತ್ರದಲ್ಲಿ ಚೆನ್ನಾಗಿ ಬರುವುದಿಲ್ಲವೆಂಬ ಮಾತನ್ನು ನೀವು ಕೇಳಿರುತ್ತೀರಿ. ಹಾಗೆ ಹೇಳಿಸಿಕೊಂಡು, ಗುಂಪಿನ ಚಿತ್ರದಲ್ಲಿ ಹಿಂದಿನ ಸಾಲಿಗೆ ಸರಿದು ನಿಲ್ಲುವ ಮಕ್ಕಳನ್ನು ನನ್ನ ತರಗತಿಗಳಲ್ಲಿಯೇ ಕಂಡಿದ್ದೇನೆ. ಈ ಮಾತು ಸುಳ್ಳು. ಬರಿಯ ಸುಳ್ಳಲ್ಲ, ಯಂತ್ರದ ತಪ್ಪನ್ನು ಮನುಷ್ಯನ ಮೇಲೆ ಹೊರಿಸುವ ಸುಳ್ಳು. ಕ್ಯಾಮೆರಾದಲ್ಲಿ ಬೆಳಕನ್ನು ಅಳೆಯುವ ಮಾಪಕವೊಂದಿದೆ. ಅದಕ್ಕೆ ಮುಖ ಯಾವುದು, ಗೋಡೆ ಯಾವುದು ಎಂಬ ತಿಳಿವು ಮೊದಲಿಗೆ ಇರಲಿಲ್ಲ. ಎದುರಿಗೆ ಬಂದುದನ್ನೆಲ್ಲ ಒಟ್ಟುಗೂಡಿಸಿ ನಡುತರದ ಬೂದುಬಣ್ಣವೆಂದು ಎಣಿಸುವುದೇ ಅದರ ಸ್ವಭಾವ. ಸುಣ್ಣ ಹೊಡೆದ ಗೋಡೆಯ ಮುಂದೆ ಕಪ್ಪು ಬಣ್ಣದ ಹುಡುಗಿಯನ್ನು ನಿಲ್ಲಿಸಿದರೆ, ಮಾಪಕವು ಗೋಡೆಯ ಬಿಳುಪಿಗೆ ಬೆದರಿ ಬೆಳಕನ್ನು ಕಡಿಮೆ ಮಾಡುತ್ತದೆ. ಗೋಡೆ ಬೂದಿಯಾಗುತ್ತದೆ, ಮುಖ ಕತ್ತಲೆಯಾಗುತ್ತದೆ. ಬೈಗುಳ ಮಾತ್ರ ಹುಡುಗಿಯ ಬಣ್ಣಕ್ಕೆ! ಗೋಡೆಯನ್ನು ಬಿಟ್ಟು ಮುಖವನ್ನು ಅಳೆದು, ಆ ಮುಖ ಕಣ್ಣಿಗೆ ಎಷ್ಟು ತಿಳಿಯಾಗಿ ಕಾಣುತ್ತದೆಯೋ ಅಷ್ಟಕ್ಕೆ ಬೆಳಕನ್ನು ಹೊಂದಿಸಿದರೆ ತೊಡಕು ಬಿಡಿಸಿಕೊಳ್ಳುತ್ತದೆ. ಇಂದಿನ ಫೋನುಗಳಲ್ಲಿ ಗಾಜಿನ ಮೇಲೆ ಮುಖವಿರುವಲ್ಲಿ ಬೆರಳು ಒತ್ತಿ, ಹೊಳಪನ್ನು ಹೆಚ್ಚು ಕಡಿಮೆ ಮಾಡಿದರೆ ಆಗುವುದೂ ಇದೇ.

ತಪ್ಪು ನಮ್ಮ ಊರಿನದು ಮಾತ್ರವೂ ಅಲ್ಲ. ಕಳೆದ ಶತಮಾನದ ನಡುಭಾಗದಲ್ಲಿ ಕೊಡಾಕ್ ಸಂಸ್ಥೆಯು ಬಣ್ಣದ ಚಿತ್ರಗಳನ್ನು ಸರಿಯಾಗಿ ಅಚ್ಚು ಮಾಡಲು ಪ್ರಯೋಗಾಲಯಗಳಿಗೆ ಒಂದು ಮಾದರಿಯ ಚಿತ್ರವನ್ನು ಕಳುಹಿಸುತ್ತಿತ್ತು. ಅದರಲ್ಲಿದ್ದುದು ಬಿಳಿಯ ಹೆಣ್ಣುಮಗಳೊಬ್ಬಳ ಮುಖ. ಅದಕ್ಕೆ 'ಶರ್ಲಿ ಕಾರ್ಡ್' ಎಂದೇ ಹೆಸರು ಬಿದ್ದಿತು. ಆ ಮುಖ ಸರಿಯಾಗಿ ಬಂದರೆ ಎಲ್ಲ ಮುಖಗಳೂ ಸರಿಯಾಗಿ ಬಂದಂತೆಯೇ! ಬೇರೆ ಬೇರೆ ಬಣ್ಣದ ಮುಖಗಳುಳ್ಳ ಮಾದರಿ ಬರಲು ೧೯೯೦ರ ದಶಕದವರೆಗೆ ಕಾಯಬೇಕಾಯಿತು. ಕಪ್ಪು ಮುಖಕ್ಕೆ ಬೇಕಾದುದು ಕಣ್ಣು ಕುಕ್ಕುವ ಬೆಳಕಲ್ಲ, ಅಗಲವಾದ ಬೆಳಕು. ಅದರ ಚೆಲುವು ಇರುವುದು ಮೈಯ ಮೇಲಿನ ಹೊಳಪಿನಲ್ಲಿ. ಪಕ್ಕದ ದೊಡ್ಡ ಕಿಟಕಿಯೊಂದು ಹಣೆಯ ಮೇಲೆ, ಕೆನ್ನೆಯ ಮೂಳೆಯ ಮೇಲೆ, ಮೂಗಿನ ಏಣಿನ ಮೇಲೆ ತೆಳ್ಳನೆಯ ಹೊಳಪನ್ನು ಎಳೆದಾಗ, ಎಣ್ಣೆ ಹಚ್ಚಿದ ಕರಿಕಲ್ಲಿನ ವಿಗ್ರಹದ ಮುಂದೆ ದೀಪವೆತ್ತಿದಾಗ ಕಾಣುವ ಕಾಂತಿಯೇ ಅಲ್ಲಿ ಕಾಣುತ್ತದೆ. ಪೌಡರು ಮೊದಲು ಅಳಿಸುವುದು ಅದನ್ನೇ.

ಇದ್ದುದನ್ನು ಇದ್ದಂತೆ ತೋರಿಸಿದರೆ ಸಾಲದೇ ಎಂದು ನೀವು ಕೇಳೀರಿ. ಅಷ್ಟು ಸುಲಭವಲ್ಲ, ನಾನೇ ಅದರಲ್ಲಿ ಎಡವಿದವನು. ೧೯೮೦ರ ಬೇಸಗೆಯ ರಜೆಗೆ ಯಜಮಾನರು ತಮ್ಮ ಯಶಿಕಾ ಕ್ಯಾಮೆರಾವನ್ನು ನನಗೆ ಕೊಟ್ಟು ಕಳುಹಿಸಿದರು. ಒಂದು ಸುರುಳಿಗೆ ಹನ್ನೆರಡು ಚಿತ್ರಗಳು. ಸತ್ಯವನ್ನೇ ತೋರಿಸುವೆನೆಂಬ ಹಮ್ಮಿನಲ್ಲಿ ಅವ್ವನನ್ನು ಇಳಿಹೊತ್ತಿನ ಬಿಸಿಲಿಗೆ ಓರೆಯಾಗಿ ನಿಲ್ಲಿಸಿದೆ. ಪಕ್ಕದಿಂದ ಬಿದ್ದ ಕಟುವಾದ ಬಿಸಿಲು ಒಂದೊಂದು ಕುಳಿಯಲ್ಲಿಯೂ ನೆರಳನ್ನು ತುಂಬಿತು. ಮೈಸೂರಿನಲ್ಲಿ ಅದನ್ನು ಕಂಡ ಗೆಳೆಯರು ಬಹಳ ಹೊಗಳಿದರು. ಅವ್ವ ನೋಡಿ, "ಸಿಡುಬೆದ್ದ ದಿನದಲ್ಲೂ ಇಷ್ಟಿರಲಿಲ್ಲವಲ್ಲೋ!" ಎಂದುಬಿಟ್ಟರು. ಸ್ಟುಡಿಯೋದವರು ಅಳಿಸಿದ್ದರು, ನಾನು ಕೊರೆದಿದ್ದೆ. ಅವರು ಗಿರಾಕಿಯ ಮೆಚ್ಚುಗೆಯನ್ನು ನೋಡಿದರು, ನಾನು ಗೆಳೆಯರ ಮೆಚ್ಚುಗೆಯನ್ನು ನೋಡಿದೆ. ಅವ್ವನನ್ನು ಇಬ್ಬರೂ ನೋಡಲಿಲ್ಲ. ಮುದುಕರ ಸುಕ್ಕನ್ನೂ ಬಡವರ ಹರಕು ಬಟ್ಟೆಯನ್ನೂ ಹುಡುಕಿಕೊಂಡು ಹೋಗಿ, ಅವರನ್ನು ಒಂದು ಮಾತೂ ಕೇಳದೆ ಚಿತ್ರ ತೆಗೆದು ಬಹುಮಾನ ಪಡೆಯುವವರನ್ನು ಕಂಡಾಗಲೆಲ್ಲ ನನಗೆ ನನ್ನ ಆ ಬಿಸಿಲಿನ ಚಿತ್ರ ನೆನಪಾಗುತ್ತದೆ.

ದೊಡ್ಡವರೂ ಕೇಳದೆ ತೆಗೆದಿದ್ದಾರಲ್ಲ ಎಂದರೆ, ಹೌದು, ತೆಗೆದಿದ್ದಾರೆ. ೧೯೪೧ರ ಡಿಸೆಂಬರ್ ೩೦ರಂದು ಕೆನಡಾದ ಒಟ್ಟಾವದಲ್ಲಿ, ಯೂಸುಫ್ ಕಾರ್ಷ್ ಎಂಬ ಛಾಯಾಗ್ರಾಹಕರು ಇಂಗ್ಲೆಂಡಿನ ಪ್ರಧಾನಿ ಚರ್ಚಿಲರ ಬಾಯಿಂದ ಚುಟ್ಟಾವನ್ನು ಸರಕ್ಕನೆ ಕಿತ್ತುಕೊಂಡು, ಅವರು ಸಿಡುಕಿದ ಆ ಕ್ಷಣವನ್ನು ಹಿಡಿದರು. ಆ ಚಿತ್ರ ಲೋಕಪ್ರಸಿದ್ಧವಾಯಿತು. ನಾನೂ ಅದನ್ನು ಮೆಚ್ಚುತ್ತೇನೆ. ಆದರೆ ಸಾಮ್ರಾಜ್ಯವನ್ನು ಆಳುತ್ತಿದ್ದವರ ಕೈಯಿಂದ ಏನನ್ನಾದರೂ ಕಿತ್ತುಕೊಳ್ಳುವುದು ಬೇರೆ, ಸಂತೆಯಲ್ಲಿ ಸೊಪ್ಪು ಮಾರುವವಳ ಮುಖವನ್ನು ಅವಳಿಗೆ ತಿಳಿಯದಂತೆ ಕಿತ್ತುಕೊಳ್ಳುವುದು ಬೇರೆ. ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (೧೯೨೩–೨೦೦೯) ಅವರ ಚಿತ್ರಗಳನ್ನು ಹುಡುಕಿ ನೋಡಿರಿ. ಅವರು ಹೆಸರಾಂತವರನ್ನು ಎಷ್ಟು ಅಕ್ಕರೆಯಿಂದ ನೋಡಿದರೋ, ಸಾಮಾನ್ಯರನ್ನೂ ಮಕ್ಕಳನ್ನೂ ಅಷ್ಟೇ ಅಕ್ಕರೆಯಿಂದ ನೋಡಿದರು. ಅವರ ಚಿತ್ರದೊಳಗಿನ ಜನ ಸಿಕ್ಕಿಬಿದ್ದವರಂತೆ ಕಾಣುವುದಿಲ್ಲ.

ಬೆಳ್ಳಗೆ ಕಾಣಬೇಕೆಂದು ಚಿತ್ರ ತೆಗೆಸಿಕೊಳ್ಳುವವರೇ ಬಯಸಿದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು. ಮುಖ ಅವರದು, ಬಯಕೆಯೂ ಅವರದು. ಬಲಾತ್ಕಾರದಿಂದ ಸತ್ಯವನ್ನು ಹೇರುವ ಹಕ್ಕು ನಮಗಿಲ್ಲವೆಂದೆ. ಆದರೆ ಅವರಿಗೆ ಒಂದು ಅವಕಾಶ ಕೊಡು; ಕಿಟಕಿಯ ಬಳಿ ಕುಳ್ಳಿರಿಸಿ, ಅವರ ಬಣ್ಣದಲ್ಲಿಯೇ ಒಂದು ಒಳ್ಳೆಯ ಚಿತ್ರವನ್ನು ತೆಗೆದು ತೋರಿಸು, ಆಮೇಲೆ ಕೇಳು ಎಂದೆ. ಅವಳು ತನ್ನ ಅಕ್ಕನ ಚಿತ್ರವನ್ನು ಹಾಗೆ ತೆಗೆದು ತಂದಿದ್ದಳು. ಅಕ್ಕ ಏನೆಂದಳೆಂದು ಕೇಳಿದೆ. "ಎರಡೂ ಇರಲಿ ಅಂದಳು ಸಾರ್" ಎಂದಳು. ಅದೂ ಒಂದು ಉತ್ತರವೇ.

ಅವ್ವನ ಚಿತ್ರ ಕೊನೆಗೆ ಆದದ್ದು ೧೯೮೧ರ ಆಷಾಢದಲ್ಲಿ. ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದೆ. ಮೋಡ ಕವಿದಿತ್ತು. ಅವ್ವ ತೊಟ್ಟಿಯ ಅಂಚಿನಲ್ಲಿ ಕುಳಿತು ಮೊರದಲ್ಲಿ ಅಕ್ಕಿಯನ್ನು ಆರಿಸುತ್ತಿದ್ದರು. ನಾನು ಪಂಚೆಯನ್ನು ಅವರ ಪಕ್ಕದ ನೆಲದ ಮೇಲೆ ಹಾಸಿದೆ. "ಅದೇಕೋ ಒಣಗಿದ ಬಟ್ಟೇನ ನೆಲಕ್ಕೆ ಹಾಕ್ತೀಯೆ?" ಎಂದು ಗದರಿದರು. ಬೆಳಕಿಗೆ ಎಂದೆ. ಬೆಳಕು ಮೇಲಿನಿಂದ ಬರುತ್ತದೆಯೇ ಹೊರತು ಪಂಚೆಯಿಂದ ಬರುತ್ತದೆಯೇ ಎಂದು ನಕ್ಕು, ಮತ್ತೆ ಅಕ್ಕಿಯ ಕಡೆಗೆ ತಿರುಗಿದರು. ಚಿತ್ರ ತೆಗೆಯಲೇ ಎಂದು ಕೇಳಿದೆ. "ತೆಗೆಯೋದಾದರೆ ತೆಗಿ, ನನಗೆ ಕೆಲಸ ಅದೆ" ಎಂದರು. ಮಾಪಕವನ್ನು ಅವರ ಕೆನ್ನೆಯ ಹತ್ತಿರ ಹಿಡಿದು ಅಳೆದೆ. ಕಲ್ಲೊಂದನ್ನು ಆರಿಸಿ ಎಸೆದು ಅವರು ತಲೆಯೆತ್ತಿದಾಗ ಗುಂಡಿಯನ್ನೊತ್ತಿದೆ.

ಅಚ್ಚು ಹಾಕಿಸಿ ತಂದುಕೊಟ್ಟಾಗ ಅವ್ವ ಹಿಂದಿನಂತೆಯೇ ಅದನ್ನು ಬಾಗಿಲ ಬಳಿಗೆ ಒಯ್ದರು. ಕುಳಿಗಳು ಇದ್ದುವು; ಇರಬೇಕಾದಷ್ಟೇ ಇದ್ದುವು. ಬಣ್ಣ ಅವರದೇ. ಕಣ್ಣಿನಲ್ಲಿ ತೊಟ್ಟಿಯ ಮೇಲಿನ ಆಕಾಶದ ಚೌಕ ಚಿಕ್ಕದಾಗಿ ಹೊಳೆಯುತ್ತಿತ್ತು. ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಆಮೇಲೆ, "ಇನ್ನೊಂದು ಪ್ರತಿ ತೆಗೆಸು. ನಿನ್ನ ಚಿಕ್ಕವ್ವನಿಗೆ ಕಳಿಸಬೇಕು" ಎಂದರು.